ಕೋರ್ಟಿನ ಬಾವುಟಕ್ಕೆ ಜರಿ ಅಂಚಿದ್ದರೆ ಸಮನ್ಸ್ ಅಸಿಂಧುವೇ?

ಮೊದಲು ಹೇಳಿಕೆ ಏನೆಂದು ನೋಡೋಣ. ಕೋರ್ಟ್ ಹಾಲ್‌ನಲ್ಲಿ ನಿಲ್ಲಿಸಿರುವ ಬಾವುಟಕ್ಕೆ ಚಿನ್ನದ ಬಣ್ಣದ ಜರಿ ಅಂಚು ಇದ್ದರೆ ಅದು ನೆಲದ ಕಾನೂನಿನ ಕೋರ್ಟ್ ಅಲ್ಲ, ಹಡಗಿನ ಕಾನೂನಿನ ಕೋರ್ಟ್. ಅಲ್ಲಿ ಕುಳಿತವರು ಹಡಗಿನ ಕ್ಯಾಪ್ಟನ್ ಇದ್ದ ಹಾಗೆ. ನೀವು ಹಡಗು ಹತ್ತಿಲ್ಲ, ಆದ್ದರಿಂದ ಅವರಿಗೆ ನಿಮ್ಮ ಮೇಲೆ ಅಧಿಕಾರ ಇಲ್ಲ. "ನಿಮ್ಮ ವ್ಯಾಪ್ತಿಯನ್ನು ನಾನು ಒಪ್ಪುವುದಿಲ್ಲ" ಎಂದು ಒಂದು ಮಾತು ಹೇಳಿದರೆ ಕೇಸು ಮುಗಿಯಿತು. ಇದರ ಜೊತೆಗೆ ಭಾರತದ ಒಗ್ಗರಣೆಯೂ ಸೇರುತ್ತದೆ: ನಮ್ಮ ಸ್ವಾತಂತ್ರ್ಯ 99 ವರ್ಷದ ಲೀಸ್, ಕೋರ್ಟುಗಳು ಇನ್ನೂ ಬ್ರಿಟಿಷರವು, ಸಂವಿಧಾನದ ಇಂಥ ವಿಧಿ ಓದಿ ಹೇಳಿದರೆ ತಹಶೀಲ್ದಾರರೂ ಊರೊಳಗೆ ಕಾಲಿಡುವಂತಿಲ್ಲ.

ಉತ್ತರ ಚಿಕ್ಕದು. ಇದರಲ್ಲಿ ಯಾವುದೂ ನಿಜವಲ್ಲ. ಆದರೆ ಇದನ್ನು ನಂಬಿ ಸಮನ್ಸ್ ಹರಿದು ಒಲೆಗೆ ಹಾಕಿದವರಿಗೆ ಆಗುವ ನಷ್ಟ ಚಿಕ್ಕದಲ್ಲ. ಸಾಗರ, ಹೊಸನಗರ, ತೀರ್ಥಹಳ್ಳಿ ಕಡೆಯ ಮನೆಗಳಲ್ಲಿ ಕೋರ್ಟ್ ಕಾಗದ ಎಂದರೆ ಹೆಚ್ಚಾಗಿ ಜಮೀನಿನದು, ಪಾಲಿನದು, ಚೆಕ್ಕಿನದು, ವಾಹನ ಸಾಲದ್ದು. ಎಲ್ಲದರಲ್ಲೂ ತಾರೀಖಿಗೆ ಬೆಲೆ ಇದೆ. ಹಾಗಾಗಿ ಸ್ವಲ್ಪ ವಿವರವಾಗಿಯೇ ನೋಡೋಣ.

ಜರಿ ಅಂಚಿನ ಕಥೆ ಹುಟ್ಟಿದ್ದು ಎಲ್ಲಿ

ಅಮೆರಿಕದಲ್ಲಿ. ಅಲ್ಲಿನ ಕೋರ್ಟುಗಳಲ್ಲಿ, ಕಚೇರಿಗಳಲ್ಲಿ, ಒಳಾಂಗಣದಲ್ಲಿ ನಿಲ್ಲಿಸುವ ಬಾವುಟಗಳಿಗೆ ಅಂದಕ್ಕಾಗಿ ಚಿನ್ನದ ಬಣ್ಣದ ಅಂಚು ಹೊಲಿಯುವ ರೂಢಿ ಇದೆ. ಅಮೆರಿಕದ ಸೇನೆ 1895ರಿಂದ ತನ್ನ ಕೆಲವು ಬಾವುಟಗಳಿಗೆ ಇಂಥ ಅಂಚು ಬಳಸುತ್ತಿದೆ. ಇದು ಸರಿಯೇ ಎಂಬ ಪ್ರಶ್ನೆ ಬಂದಾಗ 1925ರಲ್ಲಿ ಅಲ್ಲಿನ ಅಟಾರ್ನಿ ಜನರಲ್ ಅಭಿಪ್ರಾಯ ಕೊಟ್ಟರು: ಅಂಚು ಬಾವುಟದ ಭಾಗವೇ ಅಲ್ಲ; ಸೇನೆಯ ಬಾವುಟಕ್ಕೆ ಅದನ್ನು ಇಡುವುದು ಬಿಡುವುದು ಸೇನೆಯ ಮಹಾದಂಡನಾಯಕನಾದ ಅಧ್ಯಕ್ಷನಿಗೆ ಬಿಟ್ಟದ್ದು. 1959ರಲ್ಲಿ ಅಧ್ಯಕ್ಷ ಐಸೆನ್‌ಹೋವರ್ ಬಾವುಟದ ಅಳತೆ, ನಕ್ಷತ್ರಗಳ ಜೋಡಣೆ ಕುರಿತು ಒಂದು ಆದೇಶ ಹೊರಡಿಸಿದರು. ಈ ಎರಡು ಕಾಗದಗಳನ್ನು ಜೋಡಿಸಿ, ಮಧ್ಯೆ ಇಲ್ಲದ ಸಾಲುಗಳನ್ನು ತುಂಬಿ, "ಅಂಚು ಇದ್ದರೆ ಅದು ಮಿಲಿಟರಿ ಅಥವಾ ಹಡಗಿನ ಕೋರ್ಟ್" ಎಂಬ ವಾದ ತಯಾರಾಯಿತು. ಇದನ್ನು ಹರಡಿದವರು ತಮ್ಮನ್ನು ಸಾರ್ವಭೌಮ ನಾಗರಿಕರು ಎಂದು ಕರೆದುಕೊಳ್ಳುವ ಗುಂಪು. ತೆರಿಗೆ, ಡ್ರೈವಿಂಗ್ ಲೈಸೆನ್ಸ್, ಸಾಲ, ಯಾವುದೂ ತಮಗೆ ಅನ್ವಯಿಸುವುದಿಲ್ಲ ಎನ್ನುವುದು ಅವರ ನಿಲುವು.

ಅಲ್ಲಿನ ನ್ಯಾಯಾಲಯಗಳು ಈ ವಾದವನ್ನು ಪದೇ ಪದೇ ತಳ್ಳಿಹಾಕಿವೆ. 1997ರಲ್ಲಿ ಮಿಸೌರಿಯ ಫೆಡರಲ್ ನ್ಯಾಯಾಲಯವೊಂದು ಇಂಥದೇ ಪ್ರಕರಣದಲ್ಲಿ ಬಾವುಟದ ಚರಿತ್ರೆಯನ್ನೆಲ್ಲ ಪರಿಶೀಲಿಸಿ, ಅಲಂಕಾರಕ್ಕೂ ಕೋರ್ಟಿನ ಅಧಿಕಾರಕ್ಕೂ ಸಂಬಂಧವಿಲ್ಲ ಎಂದಿತು. ಕೆನಡಾದ ಆಲ್ಬರ್ಟಾದಲ್ಲಿ 2012ರಲ್ಲಿ ಒಂದು ವಿಚ್ಛೇದನ ಪ್ರಕರಣದಲ್ಲಿ ನ್ಯಾಯಮೂರ್ತಿ ಜಾನ್ ರೂಕ್ 700ಕ್ಕೂ ಹೆಚ್ಚು ಪ್ಯಾರಾಗಳ ತೀರ್ಪು ಬರೆದು, ಇಂಥ ವಾದಗಳನ್ನೆಲ್ಲ ಒಂದೊಂದಾಗಿ ಬಿಡಿಸಿ ತೋರಿಸಿದರು. ಅವರು ಎತ್ತಿ ತೋರಿಸಿದ ಒಂದು ವಿಷಯ ನಮಗೆ ಮುಖ್ಯ ಅನಿಸುತ್ತದೆ. ಈ ವಾದಗಳನ್ನು ಗುರುಗಳು ದುಡ್ಡಿಗೆ ಮಾರುತ್ತಾರೆ. ಕಿಟ್, ಕಾರ್ಯಾಗಾರ, ಮಂತ್ರದಂಥ ಅರ್ಜಿ ನಮೂನೆ ಎಲ್ಲವೂ ಸಿಗುತ್ತದೆ. ಕೊಂಡುಕೊಂಡವನು ಕೋರ್ಟಿನಲ್ಲಿ ಸೋಲುತ್ತಾನೆ, ಮಾರಿದವನಿಗೆ ಏನೂ ಆಗುವುದಿಲ್ಲ.

ಹಾಗಾದರೆ ಹಡಗಿನ ಕೋರ್ಟ್ ಎಂಬುದು ಪೂರ್ತಿ ಕಟ್ಟುಕಥೆಯೇ? ಅಲ್ಲ, ಅಲ್ಲಿಯೇ ಅರ್ಧಸತ್ಯ ಅಡಗಿದೆ. ಹಡಗಿನ ಮೇಲೆ ಹಾರುವ ಬಾವುಟಕ್ಕೆ ನಿಜವಾಗಿಯೂ ಕಾನೂನಿನ ಅರ್ಥವಿದೆ. ಆ ಹಡಗು ಯಾವ ದೇಶದಲ್ಲಿ ನೋಂದಣಿಯಾಗಿದೆ, ನಡುಸಮುದ್ರದಲ್ಲಿ ಅದರ ಮೇಲೆ ಯಾವ ದೇಶದ ಕಾನೂನು ನಡೆಯುತ್ತದೆ ಎಂಬುದನ್ನು ಅದು ತಿಳಿಸುತ್ತದೆ. ಇನ್ನೂ ಒಂದು ಸ್ವಾರಸ್ಯವಿದೆ. ನಮ್ಮ ಕರ್ನಾಟಕ ಹೈಕೋರ್ಟಿಗೆ ಹಡಗಿನ ಮೊಕದ್ದಮೆ ಕೇಳುವ ಅಧಿಕಾರ ನಿಜವಾಗಿಯೂ ಇದೆ! 2017ರಲ್ಲಿ ಸಂಸತ್ತು ಒಂದು ಕಾಯ್ದೆ ಮಾಡಿ, ಕರಾವಳಿ ರಾಜ್ಯಗಳ ಕೆಲವು ಹೈಕೋರ್ಟುಗಳಿಗೆ ಈ ಅಧಿಕಾರ ಕೊಟ್ಟಿತು. 2018ರ ಏಪ್ರಿಲ್ 1ರಿಂದ ಅದು ಜಾರಿಯಲ್ಲಿದೆ. ನವಮಂಗಳೂರು ಬಂದರಿಗೆ ಬಂದ ಹಡಗಿನಿಂದ ಯಾರಿಗಾದರೂ ಹಣ ಬರಬೇಕಿದ್ದರೆ ಹಡಗನ್ನೇ ತಡೆಹಿಡಿಯುವ ಆದೇಶವನ್ನು ಹೈಕೋರ್ಟ್ ಕೊಡಬಹುದು. ಆದರೆ ಆ ಅಧಿಕಾರ ಬಂದಿದ್ದು ಕಾಯ್ದೆಯ ಸಾಲಿನಿಂದ, ಕೋರ್ಟ್ ಹಾಲಿನ ಬಟ್ಟೆಯಿಂದಲ್ಲ. ಹೈಕೋರ್ಟ್ ಅದೇ ದಿನ ಹೊಸನಗರದ ಗದ್ದೆಯ ಮೇಲ್ಮನವಿಯನ್ನೂ ಕೇಳಬಹುದು. ನಡುವೆ ಯಾರೂ ಬಾವುಟ ಬದಲಾಯಿಸುವುದಿಲ್ಲ.

ನಮ್ಮ ರಾಷ್ಟ್ರಧ್ವಜದ ನಿಯಮಗಳು ಇರುವುದು 2002ರ ಧ್ವಜ ಸಂಹಿತೆಯಲ್ಲಿ ಮತ್ತು ರಾಷ್ಟ್ರೀಯ ಗೌರವಕ್ಕೆ ಅಪಮಾನ ತಡೆಯುವ 1971ರ ಕಾಯ್ದೆಯಲ್ಲಿ. ಉದ್ದ ಅಗಲದ ಅನುಪಾತ 3:2, ಬಾವುಟದ ಮೇಲೆ ಏನೂ ಬರೆಯಬಾರದು, ತೋರಣದಂತೆ ಕಟ್ಟಬಾರದು, ಹೀಗೆಲ್ಲ ಇದೆ. 2021ರ ಡಿಸೆಂಬರಿನಲ್ಲಿ ಪಾಲಿಯೆಸ್ಟರ್ ಬಟ್ಟೆಗೂ ಯಂತ್ರದ ಹೊಲಿಗೆಗೂ ಅವಕಾಶ ಬಂತು. (ಹುಬ್ಬಳ್ಳಿಯ ಬೆಂಗೇರಿಯಲ್ಲಿ ಖಾದಿ ಧ್ವಜ ಮಾಡುವವರಿಗೆ ಇದು ಖುಷಿ ಕೊಟ್ಟ ಸುದ್ದಿಯಾಗಿರಲಿಲ್ಲ.) 2022ರ ಜುಲೈನಲ್ಲಿ ರಾತ್ರಿಯೂ ಹಾರಿಸಬಹುದು ಎಂದಾಯಿತು. ಈ ನಿಯಮ ಮುರಿದವರ ಮೇಲೆ ಕ್ರಮ ಆಗಬಹುದು. ಆದರೆ ಕೋರ್ಟಿನ ಬಾವುಟ ತಲೆಕೆಳಗಾಗಿದ್ದರೂ, ಹರಿದಿದ್ದರೂ, ಬಾವುಟವೇ ಇಲ್ಲದಿದ್ದರೂ ಅಲ್ಲಿ ಬರೆದ ತೀರ್ಪಿಗೆ ಏನೂ ಆಗುವುದಿಲ್ಲ. ಕನ್ನಡದ ಹಳದಿ ಕೆಂಪು ಬಾವುಟದ ವಿಷಯವೂ ಅಷ್ಟೇ. ಮ. ರಾಮಮೂರ್ತಿ 1960ರ ದಶಕದಲ್ಲಿ ರೂಪಿಸಿದ ಆ ಬಾವುಟ ಊರೂರಲ್ಲಿ ಹಾರುತ್ತದೆ. 2018ರ ಮಾರ್ಚ್ 8ರಂದು ರಾಜ್ಯ ಸರ್ಕಾರ ಗಂಡಭೇರುಂಡವಿರುವ ಮೂರು ಬಣ್ಣದ ಇನ್ನೊಂದು ಬಾವುಟವನ್ನು ಅನಾವರಣ ಮಾಡಿ ಕೇಂದ್ರದ ಒಪ್ಪಿಗೆಗೆ ಕಳುಹಿಸಿತು. ಒಪ್ಪಿಗೆ ಸಿಕ್ಕರೂ ಸಿಗದಿದ್ದರೂ ತೀರ್ಥಹಳ್ಳಿ ಕೋರ್ಟಿನ ವ್ಯಾಪ್ತಿ ಒಂದು ಗುಂಟೆಯಷ್ಟೂ ಹೆಚ್ಚು ಕಡಿಮೆಯಾಗುವುದಿಲ್ಲ.

ಬಾವುಟಕ್ಕಾಗಿ ನಿಜವಾಗಿ ಪ್ರಾಣ ಕೊಟ್ಟವರು

ಬಾವುಟ ಬರೀ ಬಟ್ಟೆ ಎಂದು ಹಗುರಾಗಿ ಹೇಳುವ ಉದ್ದೇಶ ನಮಗಿಲ್ಲ. ಹಳೆ ಮೈಸೂರು ಸಂಸ್ಥಾನದಲ್ಲಿ ಹಾಗೆ ಹೇಳಲು ಸಾಧ್ಯವೂ ಇಲ್ಲ. 1938ರ ಏಪ್ರಿಲ್‌ನಲ್ಲಿ ಮದ್ದೂರಿನ ಬಳಿಯ ಶಿವಪುರದಲ್ಲಿ ತ್ರಿವರ್ಣ ಧ್ವಜ ಹಾರಿಸಲು ಟಿ. ಸಿದ್ಧಲಿಂಗಯ್ಯ ಮೊದಲಾದವರು ಮುಂದಾದಾಗ ಸರ್ಕಾರ ನಿಷೇಧಾಜ್ಞೆ ಹೊರಡಿಸಿತು, ಧ್ವಜ ಏರಿಸಿದವರನ್ನು ಬಂಧಿಸಿತು. ಎರಡೇ ವಾರದಲ್ಲಿ, ಏಪ್ರಿಲ್ 25ರಂದು, ಗೌರಿಬಿದನೂರು ಬಳಿಯ ವಿದುರಾಶ್ವತ್ಥದಲ್ಲಿ ಸೇರಿದ್ದ ಜನರ ಮೇಲೆ ಗುಂಡು ಹಾರಿತು. ಆಮೇಲೆ ದಿವಾನ್ ಮಿರ್ಜಾ ಇಸ್ಮಾಯಿಲ್ ಮತ್ತು ಸರ್ದಾರ್ ಪಟೇಲ್ ನಡುವೆ ಒಪ್ಪಂದವಾಗಿ, ಸಂಸ್ಥಾನದ ಬಾವುಟದ ಜೊತೆಗೆ ಕಾಂಗ್ರೆಸ್ ಬಾವುಟವನ್ನೂ ಹಾರಿಸಬಹುದು ಎಂದಾಯಿತು.

ನಮ್ಮ ಜಿಲ್ಲೆಯದೇ ಆದ ಕಥೆ ಈಸೂರಿನದು. ಶಿಕಾರಿಪುರ ತಾಲ್ಲೂಕಿನ ಈ ಹಳ್ಳಿ 1942ರ ಸೆಪ್ಟೆಂಬರ್‌ನಲ್ಲಿ ತನ್ನನ್ನು ತಾನೇ ಸ್ವತಂತ್ರ ಎಂದು ಘೋಷಿಸಿಕೊಂಡಿತು. ವೀರಭದ್ರೇಶ್ವರ ದೇವಸ್ಥಾನದ ಮೇಲೆ ಬಾವುಟ ಏರಿತು. ಸರ್ಕಾರಿ ಅಧಿಕಾರಿಗಳಿಗೆ ಊರೊಳಗೆ ಪ್ರವೇಶವಿಲ್ಲ ಎಂದು ಬೋರ್ಡ್ ಹಾಕಿದರು. ಬಾಲಕರಾಗಿದ್ದ ಜಯಣ್ಣ ಮತ್ತು ಮಲ್ಲಪ್ಪ ಎಂಬಿಬ್ಬರನ್ನು ಅಮಲ್ದಾರ, ಸಬ್ ಇನ್‌ಸ್ಪೆಕ್ಟರ್ ಎಂದು ನೇಮಿಸಿಕೊಂಡರು; ಎಳೆಯರನ್ನು ಜೈಲಿಗೆ ಹಾಕಲಾರರು ಎಂಬ ಲೆಕ್ಕ ಅದರ ಹಿಂದೆ ಇತ್ತು ಎನ್ನುತ್ತಾರೆ. ಸೆಪ್ಟೆಂಬರ್ 28ರಂದು ಪೊಲೀಸರೊಂದಿಗೆ ಬಂದ ನಿಜವಾದ ಅಮಲ್ದಾರರೂ ಸಬ್ ಇನ್‌ಸ್ಪೆಕ್ಟರೂ ಘರ್ಷಣೆಯಲ್ಲಿ ಸತ್ತರು. ನಂತರ ಊರಿನ ಮೇಲೆ ನಡೆದ ದಾಳಿ, ಬಂಧನ, ವಿಚಾರಣೆ ಎಲ್ಲ ನಮಗೆ ಶಾಲೆಯಿಂದ ಗೊತ್ತಿರುವುದೇ. 1943ರ ಮಾರ್ಚ್‌ನಲ್ಲಿ ಗುರಪ್ಪ, ಮಲ್ಲಪ್ಪ, ಸೂರ್ಯನಾರಾಯಣಾಚಾರ್, ಹಾಲಪ್ಪ, ಶಂಕರಪ್ಪ ಎಂಬ ಐವರನ್ನು ಗಲ್ಲಿಗೇರಿಸಲಾಯಿತು.

ಈ ಕಥೆಯನ್ನು ಇಲ್ಲಿ ಹೇಳಲು ಕಾರಣವಿದೆ. "ಈಸೂರಿನವರು ಮಾಡಲಿಲ್ಲವೇ? ಬೋರ್ಡ್ ಹಾಕಿ ಅಧಿಕಾರಿಗಳನ್ನು ತಡೆಯಲಿಲ್ಲವೇ?" ಎಂಬ ವಾದ ಎದುರಾಗಬಹುದು. ಈಸೂರಿನವರು ಆ ದಿನ ಒಂದು ಆಡಳಿತವನ್ನು ಒಪ್ಪುವುದಿಲ್ಲ ಎಂದು ರಾಜಕೀಯವಾಗಿ ಸಾರಿದರು. ಅದರ ಬೆಲೆ ಏನೆಂದು ತಿಳಿದೇ ಸಾರಿದರು. ಬಾವುಟ ಏರಿಸಿದ್ದರಿಂದ ಮೈಸೂರಿನ ಕೋರ್ಟಿಗೆ ತಮ್ಮನ್ನು ವಿಚಾರಣೆ ಮಾಡುವ ಶಕ್ತಿ ಹೋಗುತ್ತದೆ ಎಂದು ಅವರಿಗೆ ಯಾರೂ ಕಿಟ್ ಮಾರಿರಲಿಲ್ಲ. ಫಾರ್ವರ್ಡ್‌ಗಳು ಹೇಳುವುದು ಬೇರೆ: ಏನನ್ನೂ ಕಳೆದುಕೊಳ್ಳದೆ, ಸರಿಯಾದ ಶಬ್ದ ಉಚ್ಚರಿಸಿ ಪಾರಾಗಬಹುದು ಅಂತ. ಇವೆರಡನ್ನೂ ಒಂದೇ ತಕ್ಕಡಿಯಲ್ಲಿ ಇಡುವುದು ಆ ಐವರಿಗೆ ಮಾಡುವ ಅನ್ಯಾಯ ಎಂದೇ ನಮ್ಮ ಅಭಿಪ್ರಾಯ.

ಲೀಸ್, ಮಹಾರಾಜ, ಕಲ್ಲಿನ ಫಲಕ

99 ವರ್ಷದ ಲೀಸ್ ಎಂಬ ಮಾತು ತುಂಬಾ ಹಳೆಯದು. 2021ರಲ್ಲಿ ಚರ್ಚೆಯೊಂದರ ವಿಡಿಯೊ ಹರಿದಾಡಿದ ಮೇಲೆ ಮತ್ತೆ ಜೀವ ಪಡೆಯಿತು. ಬ್ರಿಟಿಷ್ ಸಂಸತ್ತಿನ 1947ರ ಭಾರತ ಸ್ವಾತಂತ್ರ್ಯ ಕಾಯ್ದೆಯಲ್ಲಿ ಲೀಸ್ ಎಂಬ ಷರತ್ತೇ ಇಲ್ಲ. ಅದಕ್ಕಿಂತ ಮುಖ್ಯವಾಗಿ, ನಮ್ಮ ಸಂವಿಧಾನದ 395ನೇ ವಿಧಿ ಆ ಕಾಯ್ದೆಯನ್ನೇ ರದ್ದು ಮಾಡಿತು. ಲಂಡನ್ನಿನ ಪ್ರಿವಿ ಕೌನ್ಸಿಲ್‌ಗೆ ಭಾರತದಿಂದ ಮೇಲ್ಮನವಿ ಹೋಗುವುದನ್ನು 1949ರ ಅಕ್ಟೋಬರ್‌ನಲ್ಲಿಯೇ ನಿಲ್ಲಿಸಲಾಯಿತು. ಇನ್ನು ಕೋರ್ಟು ಬ್ರಿಟಿಷರದು ಹೇಗಾಗುತ್ತದೆ?

ಮಲೆನಾಡಿನವರಿಗೆ ಇನ್ನೊಂದು ಉತ್ತರವೂ ಇದೆ. ಸಾಗರ, ಹೊಸನಗರ, ತೀರ್ಥಹಳ್ಳಿ ಮೈಸೂರು ಸಂಸ್ಥಾನದಲ್ಲಿದ್ದವು. ಮೈಸೂರಿಗೆ ತನ್ನದೇ ಚೀಫ್ ಕೋರ್ಟ್ 1884ರಲ್ಲಿ ಬಂತು, 1930ರಲ್ಲಿ ಅದೇ ಹೈಕೋರ್ಟ್ ಆಯಿತು. ಜಯಚಾಮರಾಜ ಒಡೆಯರ್ 1947ರ ಆಗಸ್ಟ್‌ನಲ್ಲಿ ಭಾರತಕ್ಕೆ ಸೇರುವ ಪತ್ರಕ್ಕೆ ಸಹಿ ಹಾಕಿದರು, ಮೈಸೂರು ಚಲೋ ಚಳವಳಿಯ ನಂತರ ಅಕ್ಟೋಬರ್‌ನಲ್ಲಿ ಕೆ.ಸಿ. ರೆಡ್ಡಿ ಅವರ ಜನಪ್ರತಿನಿಧಿ ಸರ್ಕಾರ ಬಂತು, 1949ರ ನವೆಂಬರ್ 25ರ ಘೋಷಣೆಯಲ್ಲಿ ಭಾರತದ ಸಂವಿಧಾನವೇ ಮೈಸೂರಿನ ಸಂವಿಧಾನ ಎಂದು ಮಹಾರಾಜರು ಒಪ್ಪಿದರು. ಸಂಸ್ಥಾನಗಳ ಹಳೆಯ ಒಪ್ಪಂದಗಳಿಂದ ಹುಟ್ಟುವ ತಕರಾರನ್ನು ಕೋರ್ಟಿಗೆ ತರುವಂತೆಯೇ ಇಲ್ಲ ಎಂದು 363ನೇ ವಿಧಿ ಬಾಗಿಲು ಹಾಕಿದೆ. ಅಂದರೆ ಆ ದಿಕ್ಕಿನಿಂದ ಹೊರಟವರು ಹೆಚ್ಚು ದೂರ ಹೋಗುವಂತಿಲ್ಲ.

ಕಲ್ಲಿನ ಫಲಕದ ವಿಷಯ ಸ್ವಲ್ಪ ಸೂಕ್ಷ್ಮ. ಜಾರ್ಖಂಡಿನ ಖೂಂಟಿ ಭಾಗದಲ್ಲಿ 2017, 2018ರ ಸುಮಾರಿಗೆ ಪತ್ಥಲ್‌ಗಡಿ ಚಳವಳಿ ನಡೆಯಿತು. ಕಲ್ಲು ನೆಡುವುದು ಮುಂಡಾ ಜನರ ಹಳೆಯ ಪದ್ಧತಿ. ಆ ಕಲ್ಲುಗಳ ಮೇಲೆ ಸಂವಿಧಾನದ ವಿಧಿಗಳನ್ನು ಬರೆದು, ಗ್ರಾಮಸಭೆಯೇ ಪರಮಾಧಿಕಾರಿ, ಹೊರಗಿನವರಿಗೆ ಅಪ್ಪಣೆ ಇಲ್ಲದೆ ಪ್ರವೇಶವಿಲ್ಲ ಎಂದು ಸಾರಿದರು. ಕೆಲವು ವಿಧಿಗಳ ಅರ್ಥವನ್ನು ಇರುವುದಕ್ಕಿಂತ ತುಂಬ ಹಿಗ್ಗಿಸಲಾಗಿತ್ತು. ಆದರೆ ಹಿಂದಿದ್ದ ಭೂಮಿಯ ಭಯ ನಿಜ, ಐದನೇ ಅನುಸೂಚಿಯ ಪ್ರದೇಶಗಳಲ್ಲಿ 1996ರ ಪೆಸಾ ಕಾಯ್ದೆ ಗ್ರಾಮಸಭೆಗೆ ಕೊಟ್ಟ ಅಧಿಕಾರವೂ ನಿಜ. ದೇಶದ್ರೋಹದ ಕೇಸುಗಳು ಬಿದ್ದವು. 2019ರ ಡಿಸೆಂಬರ್ ಕೊನೆಯಲ್ಲಿ ಹೊಸ ಸರ್ಕಾರ ಅವನ್ನು ಹಿಂಪಡೆಯಲು ತೀರ್ಮಾನಿಸಿತು. ಆ ಕಲ್ಲಿನ ಫೋಟೊಗಳನ್ನು ಕನ್ನಡದ ಗುಂಪುಗಳಿಗೆ ಹಾಕುವವರು ಗಮನಿಸಬೇಕಾದ್ದು ಒಂದೇ: ಕರ್ನಾಟಕದಲ್ಲಿ ಐದನೇ ಅನುಸೂಚಿಯ ಪ್ರದೇಶವೇ ಇಲ್ಲ. ನಮ್ಮ ಕಾಡಂಚಿನ ಊರುಗಳಿಗೆ ಉಪಯೋಗಕ್ಕೆ ಬರುವುದು 2006ರ ಅರಣ್ಯ ಹಕ್ಕು ಕಾಯ್ದೆ, ಅದರಡಿಯ ಗ್ರಾಮಸಭೆ ಮತ್ತು ಅರಣ್ಯ ಹಕ್ಕು ಸಮಿತಿ.

ಇಂಥ ನಂಬಿಕೆ ಎಷ್ಟು ದೂರ ಹೋಗಬಲ್ಲದು ಎಂಬುದಕ್ಕೆ ಮಥುರಾದ ಜವಾಹರ್ ಬಾಗ್ ಸಾಕ್ಷಿ. ತಮ್ಮದೇ ಸರ್ಕಾರ, ತಮ್ಮದೇ ನಾಣ್ಯ ಎನ್ನುತ್ತಿದ್ದ ಗುಂಪೊಂದು ಸರ್ಕಾರಿ ತೋಟವನ್ನು ಎರಡು ವರ್ಷ ಹಿಡಿದುಕೊಂಡಿತ್ತು. ಖಾಲಿ ಮಾಡಿಸಿ ಎಂದು ಹೈಕೋರ್ಟ್ ಆದೇಶವಾಗಿತ್ತು. 2016ರ ಜೂನ್ 2ರಂದು ಪೊಲೀಸರು ಹೋದಾಗ ನಡೆದ ಘರ್ಷಣೆ, ಬೆಂಕಿಯಲ್ಲಿ ಇಬ್ಬರು ಪೊಲೀಸ್ ಅಧಿಕಾರಿಗಳೂ ಸೇರಿ 20ಕ್ಕೂ ಹೆಚ್ಚು ಜನ ಸತ್ತರು.

ವ್ಯಾಪ್ತಿ ಎಂದರೆ ನಿಜವಾಗಿ ಏನು

"ಈ ಕೋರ್ಟಿಗೆ ವ್ಯಾಪ್ತಿ ಇಲ್ಲ" ಎಂಬ ವಾದ ಸುಳ್ಳು ವಾದವಲ್ಲ. ವಕೀಲರು ದಿನವೂ ಮಾಡುವ ವಾದ ಅದು. ಗೆಲ್ಲುತ್ತಾರೆ ಕೂಡ. ವ್ಯತ್ಯಾಸ ಇರುವುದು ಅದು ಎಲ್ಲಿಂದ ಬರುತ್ತದೆ ಎಂಬುದರಲ್ಲಿ.

ಜೋಗಕ್ಕೆ ಹೋದವರಿಗೆ ಇದು ಸುಲಭವಾಗಿ ಅರ್ಥವಾಗುತ್ತದೆ. ಶರಾವತಿಯ ಈಚೆ ಸಾಗರ ತಾಲ್ಲೂಕು, ಶಿವಮೊಗ್ಗ ಜಿಲ್ಲೆ. ಆಚೆ ಸಿದ್ದಾಪುರ ತಾಲ್ಲೂಕು, ಉತ್ತರ ಕನ್ನಡ. ಈಚೆಯ ಜಮೀನಿನ ಕೇಸು ಹೈಕೋರ್ಟಿಗೆ ಹೋದರೆ ಬೆಂಗಳೂರಿನ ಪೀಠಕ್ಕೆ, ಆಚೆಯದು ಧಾರವಾಡ ಪೀಠಕ್ಕೆ. ಒಂದೇ ಜಲಪಾತ, ಒಂದೇ ಮಳೆ, ಒಂದೇ ಬಾವುಟ. ಬದಲಾಗಿದ್ದು ಸರ್ಕಾರಿ ಆದೇಶದಲ್ಲಿರುವ ಗಡಿ ಮಾತ್ರ. ಕೆಳ ಹಂತದ ಕೋರ್ಟುಗಳ ಗಡಿಯೂ ಹೀಗೆ ಕಾಯ್ದೆ ಮತ್ತು ಅಧಿಸೂಚನೆಯಿಂದ ಬರುತ್ತದೆ. ಜಮೀನಿನ ದಾವೆ ಸಾಮಾನ್ಯವಾಗಿ ಜಮೀನು ಇರುವ ಕಡೆಯ ಕೋರ್ಟಿನಲ್ಲಿ, ಸಾಲದ ದಾವೆ ಪ್ರತಿವಾದಿ ಇರುವ ಕಡೆ ಅಥವಾ ವ್ಯವಹಾರ ನಡೆದ ಕಡೆ, ಅಪರಾಧದ ಕೇಸು ಅಪರಾಧ ನಡೆದ ಕಡೆ. ಚೆಕ್ ಬೌನ್ಸ್ ಕೇಸು ಮಾತ್ರ 2015ರ ತಿದ್ದುಪಡಿಯ ನಂತರ ಬೇರೆ ದಾರಿ ಹಿಡಿದಿದೆ. ಚೆಕ್ ಪಡೆದವರು ಅದನ್ನು ತಮ್ಮ ಖಾತೆಗೆ ಹಾಕಿದ್ದರೆ, ಆ ಖಾತೆ ಇರುವ ಬ್ಯಾಂಕ್ ಶಾಖೆಯ ವ್ಯಾಪ್ತಿಯ ಕೋರ್ಟಿನಲ್ಲಿ ಕೇಸು ನಡೆಯುತ್ತದೆ. ಆದ್ದರಿಂದ ಹೊಸನಗರದವರಿಗೆ ಶಿವಮೊಗ್ಗದಿಂದಲೋ ಬೆಂಗಳೂರಿನಿಂದಲೋ ಸಮನ್ಸ್ ಬಂದರೆ ಅದು ಮೋಸ ಎಂದುಕೊಳ್ಳಬೇಡಿ.

ವ್ಯಾಪ್ತಿಯ ವಾದದಿಂದ ಮಲೆನಾಡಿನ ಬದುಕೇ ಬದಲಾದ ಉದಾಹರಣೆಯೂ ಇದೆ. 1951ರಲ್ಲಿ ಸಾಗರ ತಾಲ್ಲೂಕಿನ ಕಾಗೋಡಿನಲ್ಲಿ ಗೇಣಿದಾರರು ಗೇಣಿ ಅಳೆಯುವ ಕೊಳಗದ ವಿಷಯಕ್ಕೆ ಎದ್ದು ನಿಂತರು. ಅದು ಸತ್ಯಾಗ್ರಹವಾಯಿತು, ರಾಮಮನೋಹರ ಲೋಹಿಯಾ ಬಂದು ಬಂಧನಕ್ಕೊಳಗಾದರು, ಶಾಂತವೇರಿ ಗೋಪಾಲಗೌಡರು ಮರುವರ್ಷ ಶಾಸಕರಾದರು. ಆದರೆ ಉಳುವವನ ಹೆಸರಿಗೆ ಜಮೀನು ಬಂದಿದ್ದು ದೇವರಾಜ ಅರಸು ಕಾಲದ ಭೂಸುಧಾರಣಾ ತಿದ್ದುಪಡಿಯಿಂದ. 1974ರ ಮಾರ್ಚ್ 1ರಿಂದ ಗೇಣಿ ಜಮೀನು ಸರ್ಕಾರಕ್ಕೆ ಸೇರಿತು, ಗೇಣಿದಾರರು ಫಾರಂ ನಂಬರ್ 7 ತುಂಬಿ ಭೂನ್ಯಾಯ ಮಂಡಳಿಗೆ ಅರ್ಜಿ ಹಾಕಿದರು. ಆ ಕಾಯ್ದೆಯ 132 ಮತ್ತು 133ನೇ ಸೆಕ್ಷನ್‌ಗಳು ಏನು ಹೇಳಿದವು ಗೊತ್ತೇ? ಒಬ್ಬ ಗೇಣಿದಾರ ಹೌದೋ ಅಲ್ಲವೋ ಎಂದು ತೀರ್ಮಾನಿಸುವ ಅಧಿಕಾರ ಸಿವಿಲ್ ಕೋರ್ಟಿಗೆ ಇಲ್ಲ, ಪ್ರಶ್ನೆ ಬಂದರೆ ದಾವೆ ನಿಲ್ಲಿಸಿ ಮಂಡಳಿಗೆ ಕಳುಹಿಸಬೇಕು. ಕೋರ್ಟ್ ಖರ್ಚು ಭರಿಸಲಾಗದ ಗೇಣಿದಾರನಿಗೆ ಅದು ದೊಡ್ಡ ರಕ್ಷಣೆ. ಮಂಡಳಿಯ ಮುಂದೆ ವಕೀಲರು ಬರುವಂತಿಲ್ಲ ಎಂದೂ ಮೊದಲು ಇತ್ತು. ಆ ಭಾಗವನ್ನು 1987ರಲ್ಲಿ ಸುಪ್ರೀಂ ಕೋರ್ಟ್ ತೆಗೆದುಹಾಕಿತು. ಆದರೆ ಇಲ್ಲೂ ತಾರೀಖು ಇತ್ತು. ಫಾರಂ 7ಕ್ಕೆ 1979ರ ಜೂನ್ 30 ಕೊನೆಯ ದಿನ. ತಪ್ಪಿಸಿಕೊಂಡ ಮನೆಗಳ ಕಥೆಯನ್ನು ಹಿರಿಯರು ಈಗಲೂ ಹೇಳುತ್ತಾರೆ.

ವ್ಯಾಪ್ತಿ ಕುರಿತು ನ್ಯಾಯವಾದ ದೂರು ಈಗಲೂ ಇಲ್ಲದಿಲ್ಲ. 2011ರ ಭೂಕಬಳಿಕೆ ನಿಷೇಧ ಕಾಯ್ದೆಯಡಿ ವಿಶೇಷ ನ್ಯಾಯಾಲಯ ಇರುವುದು ಬೆಂಗಳೂರಿನಲ್ಲಿ. ಅರ್ಧ ಎಕರೆ ಬಗರ್ ಹುಕುಂ ಸಾಗುವಳಿಗಾಗಿ ಮಲೆನಾಡಿನ ಮೂಲೆಯಿಂದ ರಾತ್ರಿ ಬಸ್ ಹತ್ತಿ ಹೋಗಬೇಕಾದ ರೈತರ ಕಷ್ಟವನ್ನು ಇಲ್ಲಿನ ಸಂಘಟನೆಗಳು ಎತ್ತಿವೆ. ಅದು ಸರಿಯಾದ ಪ್ರಶ್ನೆ. ವಿಧಾನಸಭೆಯಲ್ಲಿ, ಹೈಕೋರ್ಟಿನಲ್ಲಿ ಕೇಳಬೇಕಾದ ಪ್ರಶ್ನೆ. ಕೇಳದೆ ಗೈರಾದವರ ಪರವಾಗಿ ಯಾರೂ ಉತ್ತರಿಸುವುದಿಲ್ಲ.

ಕೋರ್ಟು ಸರಿಯಾದ ಊರಿನದಲ್ಲ ಎಂದು ನಿಮಗೆ ಅನಿಸಿದರೆ ಮಾಡಬೇಕಾದ್ದು ಹಾಜರಾಗಿ ಹೇಳುವುದು. ಸಿವಿಲ್ ಪ್ರಕ್ರಿಯಾ ಸಂಹಿತೆಯ 21ನೇ ಸೆಕ್ಷನ್ ಪ್ರಕಾರ ಸ್ಥಳದ ಬಗೆಗಿನ ಆಕ್ಷೇಪವನ್ನು ಆದಷ್ಟು ಬೇಗ, ಶುರುವಿನಲ್ಲೇ ಎತ್ತಬೇಕು. ತಡವಾದರೆ ಮೇಲ್ಮನವಿಯಲ್ಲಿ ಸಾಮಾನ್ಯವಾಗಿ ಕೇಳುವುದಿಲ್ಲ. ಆಕ್ಷೇಪ ಸರಿಯಿದ್ದರೆ ಕೋರ್ಟು ದಾವೆಯನ್ನು ಹಿಂದಿರುಗಿಸಿ, ಸರಿಯಾದ ಕೋರ್ಟಿನಲ್ಲಿ ಹಾಕಿ ಎನ್ನುತ್ತದೆ. ಅಂದರೆ ಕೋರ್ಟಿಗೆ ವ್ಯಾಪ್ತಿ ಇದೆಯೋ ಇಲ್ಲವೋ ಎಂದು ಮೊದಲು ತೀರ್ಮಾನಿಸುವುದು ಆ ಕೋರ್ಟೇ. ಫಾರ್ವರ್ಡ್ ಬರೆದವರು ಇದನ್ನು ಹೇಳುವುದಿಲ್ಲ.

ಹೋಗದಿದ್ದರೆ

ಸಿವಿಲ್ ದಾವೆಯಲ್ಲಿ ಸಮನ್ಸ್ ತಲುಪಿಯೂ ಹೋಗದಿದ್ದರೆ ನಿಮ್ಮನ್ನು ಏಕಪಕ್ಷೀಯ ಎಂದು ಬರೆದು ಎದುರಿನವರ ಮಾತು ಕೇಳಿ ಡಿಕ್ರಿ ಕೊಡಬಹುದು. ಅದನ್ನು ರದ್ದು ಮಾಡಿಸಲು ಅರ್ಜಿ ಹಾಕಬಹುದು, ಆದರೆ 30 ದಿನದೊಳಗೆ, ಮತ್ತು ಬರದಿದ್ದಕ್ಕೆ ಒಪ್ಪುವಂಥ ಕಾರಣ ಬೇಕು. "ಬಾವುಟ ಸರಿ ಇರಲಿಲ್ಲ" ಅಂಥ ಕಾರಣವಲ್ಲ. ಲಿಖಿತ ಉತ್ತರ ಕೊಡಲು ಕೂಡ ಮೂಲ ಅವಧಿ 30 ದಿನ, ಕೋರ್ಟು ಕಾರಣ ದಾಖಲಿಸಿ 90ರವರೆಗೆ ವಿಸ್ತರಿಸಬಹುದು. ಕ್ರಿಮಿನಲ್ ಕೇಸಾದರೆ ಮೊದಲು ಜಾಮೀನು ಸಿಗುವ ವಾರಂಟ್, ಆಮೇಲೆ ಜಾಮೀನಿಲ್ಲದ್ದು, ಆಮೇಲೆ ಘೋಷಣೆ, ಆಸ್ತಿ ಜಪ್ತಿ. ಅಡಿಕೆ ಕೊಯ್ಲಿನ ದಿನ ಮನೆ ಮುಂದೆ ಪೊಲೀಸ್ ಜೀಪು ಬರುವುದು ಹೀಗೆ.

ವಾಹನ ಸಾಲ ಇರುವವರಿಗೆ ಬೇರೆ ರಾಜ್ಯದ ಆರ್ಬಿಟ್ರೇಟರ್ ಒಬ್ಬರ ನೋಟಿಸು ಬರುವುದುಂಟು. ಅದು ಕೋರ್ಟ್ ಅಲ್ಲ ಎಂಬುದು ನಿಜ. ಆದರೆ ಅವರ ತೀರ್ಮಾನವನ್ನು ಡಿಕ್ರಿಯಂತೆಯೇ ಜಾರಿ ಮಾಡಬಹುದು. ಸಾಲ ಕೊಟ್ಟವರೇ ತಮಗೆ ಬೇಕಾದ ಒಬ್ಬರನ್ನು ಏಕಪಕ್ಷೀಯವಾಗಿ ನೇಮಿಸಿದ್ದರೆ ಅದನ್ನು ಪ್ರಶ್ನಿಸಲು ಸುಪ್ರೀಂ ಕೋರ್ಟಿನ 2019ರ ತೀರ್ಪು ನಿಮ್ಮ ಪರ ಇದೆ. ಅದನ್ನೂ ಬರವಣಿಗೆಯಲ್ಲಿ, ಸಮಯಕ್ಕೆ ಸರಿಯಾಗಿ ಹೇಳಬೇಕು.

ಚಿಹ್ನೆ ನೋಡಿ ಮೋಸಹೋಗುವ ಇನ್ನೊಂದು ದಾರಿ

ಬಾವುಟ ನೋಡಿ ನಿಜವಾದ ಕೋರ್ಟನ್ನು ಸುಳ್ಳು ಎನ್ನುವವರು ಒಂದು ಕಡೆ. ಲಾಂಛನ ನೋಡಿ ಸುಳ್ಳು ಕೋರ್ಟನ್ನು ನಿಜ ಎಂದು ನಂಬುವವರು ಇನ್ನೊಂದು ಕಡೆ. 2024ರಲ್ಲಿ ಲುಧಿಯಾನದ ವರ್ಧಮಾನ್ ಸಮೂಹದ ಮುಖ್ಯಸ್ಥ ಎಸ್.ಪಿ. ಓಸ್ವಾಲ್ ಅವರಿಗೆ ವಿಡಿಯೊ ಕಾಲ್‌ನಲ್ಲೇ ಸುಪ್ರೀಂ ಕೋರ್ಟ್ ವಿಚಾರಣೆ ನಡೆಯುತ್ತಿದೆ ಎಂದು ನಂಬಿಸಿ, ಮುಖ್ಯ ನ್ಯಾಯಮೂರ್ತಿಯ ಹೆಸರು ಹೇಳಿ, ಮುದ್ರೆ ಇರುವ ಆದೇಶ ಕಳುಹಿಸಿ 7 ಕೋಟಿ ರೂಪಾಯಿ ದೋಚಿದರು. ಅಷ್ಟು ದೊಡ್ಡ ಉದ್ಯಮಿಯೇ ನಂಬಿದ ಮೇಲೆ ನಿವೃತ್ತ ಮೇಷ್ಟರು ನಂಬುವುದರಲ್ಲಿ ಆಶ್ಚರ್ಯವಿಲ್ಲ. ಡಿಜಿಟಲ್ ಅರೆಸ್ಟ್ ಎಂಬುದು ನಮ್ಮ ಕಾನೂನಿನಲ್ಲಿ ಇಲ್ಲವೇ ಇಲ್ಲ. ಯಾವ ಕೋರ್ಟೂ ವಿಡಿಯೊ ಕಾಲ್‌ನಲ್ಲಿ ಹಣ ಹಾಕು ಎನ್ನುವುದಿಲ್ಲ. ವಿಚಾರಣೆಗೆ ಕರೆಯುವ ಪೊಲೀಸ್ ನೋಟಿಸನ್ನು ವಾಟ್ಸ್ಯಾಪಿನಲ್ಲಿ ಕಳುಹಿಸಿದರೆ ಸಾಲದು ಎಂದು 2025ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಹಣ ಹೋಗಿದ್ದರೆ ಕೂಡಲೇ 1930ಕ್ಕೆ ಫೋನ್ ಮಾಡಿ.

ಕಾಗದ ಅಸಲಿಯೋ ನಕಲಿಯೋ ತಿಳಿಯಲು ಬಾವುಟವನ್ನೂ ನೋಡಬೇಡಿ, ಸಿಂಹದ ಲಾಂಛನವನ್ನೂ ನೋಡಬೇಡಿ. ಕೇಸ್ ನಂಬರ್ ಮತ್ತು ಕೋರ್ಟಿನ ಹೆಸರು ನೋಡಿ. ತಾಲ್ಲೂಕು, ಜಿಲ್ಲಾ ಕೋರ್ಟುಗಳ ಪ್ರತಿ ಕೇಸಿಗೂ 16 ಅಕ್ಷರ, ಅಂಕಿಗಳ ಸಿಎನ್‌ಆರ್ ಸಂಖ್ಯೆ ಇರುತ್ತದೆ. ಇ-ಕೋರ್ಟ್ಸ್ ಆ್ಯಪ್‌ನಲ್ಲಿ ಅದನ್ನೋ, ಕೇಸ್ ನಂಬರನ್ನೋ, ನಿಮ್ಮ ಹೆಸರನ್ನೋ ಹಾಕಿದರೆ ಮುಂದಿನ ತಾರೀಖು ಕಾಣುತ್ತದೆ. ನೆಟ್‌ವರ್ಕ್ ಸಿಗದ ಊರಾದರೆ ಕಾಗದ ಹಿಡಿದು ನೇರ ಕೋರ್ಟ್ ಕಚೇರಿಗೆ ಹೋಗಿ ಕೇಳಿದರೂ ಹೇಳುತ್ತಾರೆ. ವಕೀಲರಿಗೆ ಕೊಡಲು ದುಡ್ಡಿಲ್ಲದಿದ್ದರೆ ಅದೇ ಆವರಣದಲ್ಲಿ ತಾಲ್ಲೂಕು ಕಾನೂನು ಸೇವಾ ಸಮಿತಿ ಇರುತ್ತದೆ. ಮಹಿಳೆಯರಿಗೆ, ಪರಿಶಿಷ್ಟ ಜಾತಿ ಪಂಗಡದವರಿಗೆ ಆದಾಯ ಎಷ್ಟೇ ಇರಲಿ ಉಚಿತ ವಕೀಲರು ಸಿಗುತ್ತಾರೆ. ಉಳಿದವರಲ್ಲಿ ಹಲವರಿಗೆ ಆದಾಯದ ಮಿತಿ ಇದೆ. ಸಹಾಯವಾಣಿ ಸಂಖ್ಯೆ 15100. ಸಮನ್ಸಿನಲ್ಲಿರುವ ತಾರೀಖಿನಂದು ಮಳೆಗೆ ರಜೆ ಘೋಷಣೆಯಾಗಿ ಕೋರ್ಟು ಮುಚ್ಚಿದ್ದರೆ, ಮತ್ತೆ ತೆರೆಯುವ ದಿನ ಹೋಗಿ ಹೊಸ ತಾರೀಖು ಬರೆದುಕೊಂಡು ಬನ್ನಿ.